ಎಲಚಿ ಹಣ್ಣಿಗೆ ನಾನು ಕೊಟ್ಟ ಅಪ್ಪಣೆ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿಶ್ಚಿಂತೆಯಿಂದ ಬೇರೆಯವರನ್ನು ಬೈಯಬಹುದು. ಮೂಲೆಮನೆ ಯಜಮಾನರ ಗಂಟಲಲ್ಲಿ ಮಾತಾಡಿ, ಅವರ ಸೈಟಿನ ಎಲಚಿ ಹಣ್ಣನ್ನು ಇಡೀ ಬೀದಿಗೆ ದಾನ ಮಾಡಿದ ಧರ್ಮಾತ್ಮ ನಾನೇ.

ಆಗ ನನಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಕಾಲೇಜಿನಲ್ಲಿ ಪಾಠ ಕಲಿಯುವ ಬದಲು ಪಾಠ ಹೇಳುವವರ ದನಿ ಕಲಿಯುತ್ತಿದ್ದೆ. ಬಸ್ ಕಂಡಕ್ಟರು, ಸೀಮೆಎಣ್ಣೆ ಗಾಡಿಯವನು, ನಮ್ಮಪ್ಪ, ಯಾರನ್ನೂ ಬಿಟ್ಟವನಲ್ಲ. ಯಾರೂ ಸಿಗದ ದಿನ, ಫೇಲಾದ ಸುದ್ದಿಯನ್ನು ಅಪ್ಪನಿಗೆ ಹೇಳುವಾಗ ಹೊರಡುವ ನನ್ನದೇ ಕೀರಲು ದನಿಯನ್ನು ಅಣಕಿಸಿ ಅಕ್ಕನನ್ನು ನಗಿಸುತ್ತಿದ್ದೆ.

ಆ ಚಳಿಗಾಲ ಅಕ್ಕ ನಗುತ್ತಿರಲಿಲ್ಲ. ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಅನ್ನ ಕಂಡರೆ ವಾಕರಿಕೆ, ಹಾಲು ಕುಡಿದರೆ ಬಚ್ಚಲಿಗೆ ಓಟ. ಅಜ್ಜಿ ಮಾಡಿದ ಎಲಚಿ ವಡೆಯ ಚೂರನ್ನು ಬಾಯಲ್ಲಿಟ್ಟು ಚೀಪಿದರೆ ಮಾತ್ರ, ಅದರ ಹಿಂದೆಯೇ ನಾಲ್ಕು ತುತ್ತು ಮೊಸರನ್ನ ಇಳಿಯುತ್ತಿತ್ತು, ಇಳಿದದ್ದು ನಿಲ್ಲುತ್ತಿತ್ತು. ಹಿಂದಿನ ವರ್ಷದ ವಡೆಯ ಜಾಡಿ ತಳ ಕಂಡಿತ್ತು. ಅಕ್ಕನ ಕೆನ್ನೆಯೂ ಒಳಗೆ ಹೋಗಿತ್ತು.

ವಡೆಗೆ ಅಜ್ಜಿ ಹಣ್ಣು ಕೀಳುತ್ತಿರಲಿಲ್ಲ, ಆಯುತ್ತಿದ್ದಳು. ಎಲಚಿ ಗಿಡದಲ್ಲೇ ಕೆಂಪಾಗಿ, ಸುಕ್ಕಾಗಿ, ತಾನಾಗಿ ಉದುರಬೇಕು. ಕಿತ್ತ ಕಾಯಿ ಹಾಕಿದರೆ ವಡೆ ಒಗರು. ಬೆಳಕು ಹರಿಯುವ ಹೊತ್ತಿಗೆ ಬುಟ್ಟಿ ಹಿಡಿದು ಹೋಗಿ, ಮುಳ್ಳಿನ ಕೆಳಗೆ ಕೈ ತೂರಿಸಿ ಒಂದೊಂದೇ ಎತ್ತಿ, ಹುಳುಕು ಬಿಸಾಡಿ, ಒರಳಲ್ಲಿ ಮೆಣಸಿನಕಾಯಿ, ಉಪ್ಪು, ಬೆಲ್ಲ, ಇಂಗಿನ ಜತೆ ಬೀಜಸಮೇತ ಕುಟ್ಟಿ, ತಟ್ಟಿ, ತಾರಸಿಯಲ್ಲಿ ಒಣಗಿಸಿದರೆ ವರ್ಷವಿಡೀ ಕೆಡದು.

ಗಿಡಗಳಿದ್ದದ್ದು ನಮ್ಮ ಬೀದಿಯ ತುದಿಯಲ್ಲಿ, ಬಡಾವಣೆ ಮುಗಿದು ಕುರುಬರಹಳ್ಳಿ ಕಡೆಯ ಬಯಲು ಶುರುವಾಗುವಲ್ಲಿ. ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಆ ವರ್ಷ ಮೂಲೆಮನೆ ಯಜಮಾನರು ಪಕ್ಕದ ಆ ಸೈಟನ್ನೂ ಕೊಂಡು, ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿದರು. ಮುಳ್ಳಿನ ಗಿಡಕ್ಕೆ ಮುಳ್ಳಿನ ಬೇಲಿ! ತಂತಿಯ ಗೇಟಿಗೆ ಬೀಗವಿರಲಿಲ್ಲ, ಯಜಮಾನರ ಕಣ್ಣೇ ಬೀಗ.

ಅಜ್ಜಿ ಹೋಗಿ ಕೇಳಿದಳು. ಬಸುರಿ ಹುಡುಗಿ, ಬಿದ್ದ ಹಣ್ಣಷ್ಟೇ ಸಾಕು, ಗಿಡ ಮುಟ್ಟೋದಿಲ್ಲ ಅಂದಳು. ಯಜಮಾನರು ಮಾತಿಗೆ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಳ್ಳುವವರು. ಸರಿಮಾಡಿಕೊಂಡರು.

"ಇವತ್ತು ಹಣ್ಣು ಅಂತೀರಿ, ನಾಳೆ ದಾರಿ ಅಂತೀರಿ, ನಾಡಿದ್ದು ಸೈಟೇ ನಮ್ದು ಅಂತೀರಿ. ಅರ್ಥ ಆಯ್ತೇನಮ್ಮಾ?"

ಅಜ್ಜಿ ಖಾಲಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ವಾಪಸು ಬಂದದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಆತ ಒಂದು ಹಣ್ಣನ್ನಾದರೂ ಬಾಯಿಗಿಟ್ಟಿದ್ದರೆ ಹೋಗಲಿ ಅನ್ನಬಹುದಿತ್ತು. ಹುಳಿಗೆ ಹಲ್ಲು ಜುಂ ಅನ್ನುತ್ತದಂತೆ! ಇರುವೆ ತಿನ್ನಲಿ, ಮಣ್ಣು ತಿನ್ನಲಿ, ಬಸುರಿ ಮಾತ್ರ ತಿನ್ನಬಾರದು.

"ತಂತಿ ಹಾರಿ ತರ್ತೀನಿ ಬಿಡಜ್ಜಿ" ಅಂದೆ.

"ಬಸುರಿಗೆ ಕದ್ದಿದ್ದು ತಿನ್ನಿಸ್ಬಾರ್ದು ಕಣೋ. ಹುಟ್ಟೋ ಮಗೂಗೆ ಕಳ್ಳಬುದ್ಧಿ ಬರತ್ತೆ. ನಿಮ್ಮಮ್ಮ ನಿನ್ನ ಹೊತ್ತಾಗ ಗಿಣಿ ಕಚ್ಚಿದ ಸೀಬೆ ತಿಂದ್ಲು, ಬೇಡಾಂದ್ರೂ ಕೇಳ್ಲಿಲ್ಲ. ನೋಡು, ನೀನು ಹುಟ್ಟಿದೆ."

ಅಂದರೆ ಬೇಕಾಗಿದ್ದದ್ದು ಹಣ್ಣಲ್ಲ, ಅಪ್ಪಣೆ. ಅಪ್ಪಣೆ ತಾನೇ? ಅದು ನನ್ನ ಗಂಟಲಲ್ಲೇ ಇತ್ತು.

ಭಾನುವಾರ ಬೆಳಿಗ್ಗೆ ಯಜಮಾನರು ಹೆಂಡತಿಯನ್ನು ಮನೆ ಕಾಯಲು ಬಿಟ್ಟು, ಕೆಂಗೇರಿಯ ಗೃಹಪ್ರವೇಶದ ಊಟಕ್ಕೆ ಬಸ್ ಹತ್ತಿದರು. ಅವರ ಮನೆಯೆದುರಿನ ಬೀದಿ ಕೊಳಾಯಿಗೆ ನೀರು ಬರುವ ಹೊತ್ತು. ಅಜ್ಜಿ ದಿನವೂ ಬಿಂದಿಗೆ ಹಿಡಿದು ಅಲ್ಲೇ ನಿಲ್ಲುತ್ತಿದ್ದಳು. ನಾನು ಯಜಮಾನರ ಕಾಂಪೌಂಡಿನ ಪಕ್ಕದ ಕಲ್ಲುರಾಶಿಯ ಹಿಂದೆ ಕುಕ್ಕರಿಸಿ, ಎರಡು ಸಲ ಗಂಟಲು ಸರಿಮಾಡಿಕೊಂಡೆ.

"ಗೇಟು ತೆಗೆದಿದೆ. ಹಣ್ಣು ಯಾರಿಗೆ ಬೇಕೋ ತಗೊಳ್ಳಿ. ಅರ್ಥ ಆಯ್ತೇನಮ್ಮಾ?"

ಅದ್ಭುತವಾಗಿ ಬಂತು. ನನಗೇ ಭಯವಾಯಿತು, ಎದ್ದು ಕೈಮುಗಿಯಬೇಕು ಅನ್ನಿಸಿತು. ಆದರೆ ಬಾಯಿ ತೆರೆಯುವ ಮೊದಲು ಈ ಮಹಾಕಲಾವಿದ ಕಣ್ಣು ತೆರೆದಿರಲಿಲ್ಲ. ಸಾಲಿನಲ್ಲಿ ಎಲ್ಲರೂ ಇದ್ದರು, ಅಜ್ಜಿಯೊಬ್ಬಳನ್ನು ಬಿಟ್ಟು. ಅಕ್ಕ ಮತ್ತೆ ವಾಂತಿ ಮಾಡುತ್ತಿದ್ದಳು, ಅಜ್ಜಿ ಅವಳ ಹಣೆ ಹಿಡಿದು ಬಚ್ಚಲಲ್ಲಿ ನಿಂತಿದ್ದಳು.

ಬಿಂದಿಗೆಗಳು ಸಾಲಿನಲ್ಲೇ ಉಳಿದವು, ಜನ ನುಗ್ಗಿತು. ದೋಟಿ ಬಂತು, ಬಟ್ಟೆ ಒಣಹಾಕುವ ಗಳು ಬಂತು, ಲುಂಗಿ ಎತ್ತಿಕಟ್ಟಿದ ಗಂಡಸರು ಬಂದರು. ಮಹಾಲಕ್ಷ್ಮಿ ಲೇಔಟ್‌ನ ತಂಗಿಗೆ ಹೇಳಿಕಳಿಸಿದ ಪುಣ್ಯವಂತೆಯೂ ಇದ್ದಳು. ಬಡಿದರು, ಬಡಿದರು, ಹಾವು ಬಡಿದ ಹಾಗೆ ಬಡಿದರು. ಹಸಿರು ಕಾಯಿ ಉದುರಿತು, ಕೊಂಬೆ ಮುರಿಯಿತು. ಉದುರಿ ಬಿದ್ದಿದ್ದ ಕೆಂಪು ಹಣ್ಣೆಲ್ಲ ಚಪ್ಪಲಿಯಡಿ ಅಪ್ಪಚ್ಚಿ. ಆ ಕಾಯಿಯನ್ನು ಯಾರೂ ತಿನ್ನಲಾರರು. ಪುಕ್ಕಟೆ ಅನ್ನುವುದೇ ಅದರ ರುಚಿ! "ಕಾಯಿ ಬಡೀಬೇಡ್ರಪ್ಪೋ, ಕೆಳಗಿರೋದು ತುಳೀಬೇಡ್ರೋ!" ಅಂತ ಕಿರುಚಿದೆ. ಯಾರೂ ತಿರುಗಿ ನೋಡಲಿಲ್ಲ. ನನ್ನ ಸ್ವಂತ ದನಿಗೆ ಆ ಬೀದಿಯಲ್ಲಿ ಮೂರು ಕಾಸಿನ ಬೆಲೆಯಿರಲಿಲ್ಲ.

ತುಳಿತದಿಂದ ಉಳಿದ ಒಂದು ಬೊಗಸೆ ಹಣ್ಣು ತಂದು ಅಜ್ಜಿಯ ಮುಂದಿಟ್ಟೆ.

"ಯಾರು ಕೊಟ್ಟಿದ್ದು?"

"ಯಜಮಾನ್ರೇ ಕೂಗಿ ಹೇಳಿದ್ರಜ್ಜಿ."

"ಕೆಂಗೇರಿಯಿಂದ ಕೂಗಿದ್ರಾ?"

ಅಜ್ಜಿ ಬೊಗಸೆ ಹಣ್ಣನ್ನೂ ಮೋರಿಗೆ ಸುರಿದಳು. "ಇದ್ದ ಹಣ್ಣೂ ಹೋಯ್ತು, ಇನ್ನು ಈ ವರ್ಷ ವಡೆ ಇಲ್ಲ. ನಿಮ್ಮಕ್ಕನಿಗೆ ನೀನೇ ಹೇಳು. ನಿನ್ನ ದನೀಲೇ ಹೇಳು." ಅಕ್ಕ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಸಂಜೆ ಯಜಮಾನರು ಬಂದರು. ಸೈಟು ನೋಡಿದರು, ಬೀದಿಯವರನ್ನು ಕೇಳಿದರು. "ನೀವೇ ಹೇಳಿದ್ರಲ್ಲಾ ಸಾರ್" ಅಂದರು ಎಲ್ಲರೂ. ಅಂಥ ಕೆಲಸ ಮಾಡುವ ಗಂಟಲು ಬೀದಿಯಲ್ಲಿ ಒಂದೇ ಇತ್ತು. ನೆಟ್ಟಗೆ ನಮ್ಮ ಗೇಟಿಗೆ ಬಂದರು. ಕೋಪಕ್ಕೆ ಗಂಟಲು ಸರಿಮಾಡಿಕೊಳ್ಳುವುದನ್ನೂ ಮರೆತಿದ್ದರು.

"ಎಲ್ರೀ ನಿಮ್ಮ ಹುಡುಗ? ನನ್ನ ಹೆಸರಲ್ಲಿ ದಾನ ಮಾಡೋಕೆ ಇವನ್ಯಾರು? ನಾಳೆ ಆಳು ಕರೆಸಿ ಆ ಗಿಡ ಬುಡಸಮೇತ ಕಡಿಸ್ತೀನಿ. ಆಗ ಏನು ತಿಂತೀರೋ ನೋಡ್ತೀನಿ!"

ಅಜ್ಜಿ ನನ್ನ ಕಿವಿ ಹಿಡಿದು ಗೇಟಿಗೆ ಎಳೆತಂದಳು. ನಾನು ಬಾಯಿ ಬಿಡುವಷ್ಟರಲ್ಲಿ ಅವರ ಹೆಂಡತಿ ಹಿಂದಿನಿಂದ ಬಂದರು, ಸೆರಗನ್ನು ಮಡಿಲು ಮಾಡಿ ಏನನ್ನೋ ಹಿಡಿದುಕೊಂಡು. ಗಂಡನನ್ನು ದಾಟಿ ಒಳಗೆ ಬಂದು, ಜಗುಲಿಯ ಮೇಲಿದ್ದ ಮೊರಕ್ಕೆ ಸುರಿದರು. ಎಲಚಿ ಹಣ್ಣು. ಕೆಂಪಗೆ, ಸುಕ್ಕುಸುಕ್ಕಾಗಿ, ಮೊರ ತುಂಬ.

"ದಿನಾ ಬೆಳಿಗ್ಗೆ ಉದುರಿದ್ರಲ್ಲಿ ಒಂದಿಷ್ಟು ಆಯ್ದಿಟ್ಟಿದ್ದೆ, ನಾನೂ ವಡೆ ಹಾಕೋಣಾಂತ. ನಾನು ಕೊಡ್ತಿದೀನಿ, ನನ್ನ ಕೈಯಾರೆ. ಹುಡುಗೀಗೆ ಮಾಡಿಕೊಡಿ."

ಅಜ್ಜಿ ನನ್ನ ಕಿವಿ ಬಿಟ್ಟು ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು.

ಯಜಮಾನರು ಹೆಂಡತಿಯ ಕಡೆ ತಿರುಗಿದರು. "ಬೆಳಿಗ್ಗೆ ಮನೇಲೇ ಇದ್ಯಲ್ಲ ನೀನು! ಹೊರಗೆ ಬಂದು ತಡೀಬಾರ್ದಾಗಿತ್ತಾ? ಆ ದನಿ ನಂದೇ ಅಂತ ನೀನೂ ನಂಬಿದ್ಯಾ?"

ಆಕೆ ಸೆರಗು ಕೊಡವಿಕೊಂಡರು.

"ನಂಬೋದೆಲ್ಲಿ ಬಂತು? 'ತಗೊಳ್ಳಿ' ಅಂದಾಗ್ಲೇ ಗೊತ್ತಾಯ್ತು, ನೀವಲ್ಲ ಅಂತ."