ಬೆಳ್ಮಣ್ಣಿನಲ್ಲಿ ಕಚ್ಚಿ ಕೂತ ಬೇರಿಂಗ್

ಮಣಿಪಾಲದ ಗ್ಯಾರೇಜಿನಲ್ಲಿ ಇವತ್ತು ತಮ್ಮನ ಮಗನ ಹಳೆಯ ಕಾರಿನ ಹಿಂದಿನ ಆಕ್ಸಲ್ ಬಿಚ್ಚುತ್ತಿದ್ದರು. ತುಕ್ಕಿನ ಮೇಲೆ ಹೊಯ್ದ ಸೀಮೆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮಕ್ಕಳೇ, ನಾನು ಮತ್ತೆ ಚಿಕ್ಕ ಹುಡುಗಿಯಾಗಿ ಬೆಳ್ಮಣ್ಣಿನಲ್ಲಿದ್ದೆ.

ಅಪ್ಪ ಓಡಿಸುತ್ತಿದ್ದ ಬಾಡಿಗೆ ಕಾರಿನಲ್ಲಿ ನಮ್ಮೂರು ಕಾಪುವಿನಿಂದ ಕಾರ್ಕಳಕ್ಕೆ ಹೊರಟಿದ್ದೆವು. ಮಕ್ಕಳಿಲ್ಲದ ದೊಡ್ಡಮ್ಮನ ಮನೆಯಲ್ಲಿ ನನ್ನನ್ನು ಸಾಕಲು ಬಿಡುವುದೆಂದು ಹಿರಿಯರು ತೀರ್ಮಾನಿಸಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ. ದಾರಿಯಲ್ಲಿ ಬೆಳ್ಮಣ್ಣಿನ ಹತ್ತಿರ ಹಿಂದಿನ ಚಕ್ರ ಗೊರಗೊರ ಎಂದು ನಿಂತುಬಿಟ್ಟಿತು.

ಅಲ್ಲಿನ ಗ್ಯಾರೇಜಿನ ಸಂಜೀವಣ್ಣ ಚಕ್ರ ಕಳಚಿದರು. ಸವೆದ ಬೇರಿಂಗ್ ಆಕ್ಸಲ್ಲಿಗೆ ಕಚ್ಚಿ ಕೂತಿತ್ತು. ಸೀಮೆ ಎಣ್ಣೆ ಹೊಯ್ದರು, ಪುಲ್ಲರ್ ಹಾಕಿ ಎಳೆದರು, ಸುತ್ತಿಗೆಯಲ್ಲಿ ಬಡಿದರು.

"ಕಡಲ ಬದಿಯ ಗಾಡಿ ಅಲ್ವಾ ಮಾರಾಯ್ರೇ, ಉಪ್ಪುಗಾಳಿ ಕುಡಿದು ಕೂತಿದೆ. ಬರುವುದು ಡೌಟುಂಟು."

ನಾನು ನನ್ನ ಬಟ್ಟೆಯ ಟ್ರಂಕಿನ ಮೇಲೆ ಕೂತಿದ್ದೆ. ಓಡಿ ಹೋಗೋಣವೆಂದರೆ ಕಾಪುವಿನ ದಾರಿ ಗೊತ್ತಿರಲಿಲ್ಲ.

"ಸುಮ್ಮನೆ ಎಂತ ಕೂತದ್ದು? ದೇವರಿಗೆ ಕೈ ಮುಗಿ ಮಗಾ, ದೊಡ್ಡಮ್ಮ ಕಾಯ್ತಾ ಇರ್ತಾರೆ" ಎಂದರು ಅಪ್ಪ.

ಕಣ್ಣು ಮುಚ್ಚಿ ಕೈ ಮುಗಿದೆ. ದೇವರೇ, ಅದು ಬರುವುದೇ ಬೇಡ, ಅಲ್ಲೇ ಇರಲಿ ಎಂದು ಬೇಡಿದೆ.

ಮುಂದಿನ ಏಟಿಗೆ ಬೇರಿಂಗ್ ಕಳಚಿ ನೆಲಕ್ಕೆ ಬಿತ್ತು.

"ನೋಡಿ, ಮಗುವಿನ ಪ್ರಾರ್ಥನೆಗೆ ಎಷ್ಟು ಶಕ್ತಿ ಉಂಟು!" ಎಂದು ಸಂಜೀವಣ್ಣ ಕುಣಿದೇಬಿಟ್ಟರು. ಅಪ್ಪ ನನ್ನ ತಲೆ ಸವರಿದರು.

ದೊಡ್ಡಮ್ಮ ಒಳ್ಳೆಯವರೇ. ಆದರೂ ಮದುವೆಯಾಗುವ ತನಕ ಆ ಮನೆಯಿಂದ ನಾನು ಕದಲುವಂತಿರಲಿಲ್ಲ.

ಇವತ್ತು ರಿಪೇರಿ ಮುಗಿದ ಮೇಲೆ ತಮ್ಮನ ಮಗ ಬಾಗಿಲು ತೆಗೆದು, "ಹತ್ತಿ ಅತ್ತೆ, ಗಾಡಿ ಹೇಗುಂಟು ಅಂತ ಒಂದು ಸುತ್ತು ಹೋಗಿ ನೋಡುವ. ನೀವೇ ಹೇಳಿ, ಎಲ್ಲಿಗೆ?" ಎಂದ.

"ಕಾಪುವಿಗೆ" ಎಂದೆ.