ಹದಿನಾಲ್ಕನೇ ನಂಬರಿನ ಕಾಗದ

ಪತ್ರಿಕೆಯ ಮಸಿ ಅಂಡಿಗೆ ಅಂಟುತ್ತದೆ. ಗೊತ್ತಿಲ್ಲದವರ ಹಾಗೆ ಮುಖ ಮಾಡಬೇಡಿ. ಸೇಬುತೋಟಗಳ ನಮ್ಮ ಹ್ಯೂಆನ್ ಕಣಿವೆಯಲ್ಲಿ ಅರವತ್ತು ದಾಟಿದವರೆಲ್ಲ ಹಿತ್ತಲ ಕಕ್ಕಸಿನ ಮೊಳೆಗೆ ಸಿಕ್ಕಿಸಿದ ಚೌಕ ಚೂರುಗಳನ್ನು ಬಳಸಿಯೇ ಬೆಳೆದವರು. ನನ್ನ ಓದು ಅರ್ಧ ಅಲ್ಲೇ ಆಯಿತು. ಯಾವ ಸುದ್ದಿಗೂ ಕೊನೆ ಇರುತ್ತಿರಲಿಲ್ಲ, ಅಷ್ಟೆ.

ಆಗಲೂ ಮೆತ್ತನೆಯ ಕಾಗದ ನಮ್ಮೂರಿಗೆ ಕಟ್ಟುಗಟ್ಟಲೆ ಬರುತ್ತಿತ್ತು. ಸೇಬಿಗೆ! ಇಂಗ್ಲೆಂಡಿನ ಹಡಗು ಹತ್ತುವ ಒಂದೊಂದು ಸೇಬನ್ನೂ ನಮ್ಮ ಹೆಂಗಸರು ತೆಳು ಕಾಗದದಲ್ಲಿ ಸುತ್ತಿ, ಹಸುಗೂಸಿನ ಹಾಗೆ ಮರದ ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದರು. ಸುತ್ತಿದವರಿಗೆ ಮಾತ್ರ ಹಳೇ ಪತ್ರಿಕೆ. ಹಣ್ಣಿನ ಸಿಪ್ಪೆಗಿದ್ದ ಮರ್ಯಾದೆ ಹೆಂಗಸಿನ ಚರ್ಮಕ್ಕಿರಲಿಲ್ಲ.

1954ರ ಹೊತ್ತಿಗೆ ಎನಿಡ್ ಡಗ್ಗನ್ ಹಾಗೆ ಹಣ್ಣು ತುಂಬುವ ಶೆಡ್ಡೊಂದರಲ್ಲಿ ಹತ್ತೊಂಬತ್ತು ವರ್ಷ ಸೇಬು ಸುತ್ತಿದ್ದಳು. ಗಂಡ ಮರ ಕಡಿಯುವಾಗ ಸೊಂಟ ಮುರಿದುಕೊಂಡು ಮಲಗಿದ್ದ. ಮನೆಯ ಒಲೆ ಉರಿಯುತ್ತಿದ್ದುದು ಇವಳ ದುಡಿಮೆಯಿಂದಲೇ. ಆ ವರ್ಷದ ಮಾರ್ಚಿನಲ್ಲಿ, ಹೆರಿಗೆಯಾಗಿ ಆರೇ ವಾರಕ್ಕೆ ಕೆಲಸಕ್ಕೆ ಮರಳಿದ ಬೆರಿಲ್ ಎಂಬ ಹುಡುಗಿ ಕಕ್ಕಸಿನಿಂದ ಅಳುತ್ತ ಹೊರಬಂದಳು. ಹೊಲಿಗೆ ಇನ್ನೂ ಮಾಗಿರಲಿಲ್ಲ.

ಹರಿದ ಸೇಬುಕಾಗದವನ್ನು ಸಂಜೆ ಸುಡಬೇಕೆಂಬುದು ಧಣಿಯ ಕಟ್ಟಪ್ಪಣೆ. ಎನಿಡ್ ಅದನ್ನು ಏಪ್ರನ್ನಿನ ಜೇಬಿಗೆ ತುಂಬಿದಳು, ದಾರಕ್ಕೆ ಪೋಣಿಸಿ ಹೆಂಗಸರ ಕಕ್ಕಸಿನಲ್ಲಿ ತೂಗುಹಾಕಿದಳು. ಆದರೆ ತುಂಬಿದ ಪೆಟ್ಟಿಗೆಗೆಲ್ಲ ಸುತ್ತಿದವಳ ನಂಬರಿನ ಚೀಟಿ ಇಡುವುದು ಶೆಡ್ಡಿನ ಪದ್ಧತಿ. ಹತ್ತೊಂಬತ್ತು ವರ್ಷದ ಅಭ್ಯಾಸ. ಕೈ ತನ್ನಷ್ಟಕ್ಕೆ ಆ ದಾರಕ್ಕೂ ಒಂದು ಚೀಟಿ ಸಿಕ್ಕಿಸಿತ್ತು. ಹದಿನಾಲ್ಕು.

ವಾರದೊಳಗೆ ಮೇಸ್ತ್ರಿ ಕ್ಲೆಮ್ ಟ್ರೆಸ್ಕಾಟ್ ಚೀಟಿ ಹಿಡಿದು ಬಂದ.

"ಎನಿಡ್, ನಿನ್ನ ಬುದ್ಧಿ ಎಲ್ಲಿ ಹೋಗಿತ್ತು? ಕದ್ದ ಮಾಲಿಗೆ ಯಾರಾದ್ರೂ ನಂಬರ್ ಹಾಕ್ತಾರಾ?"

"ಕಟ್ಟಿದ್ದು ನಾನು. ಇನ್ಯಾರದ್ದು ಹಾಕ್ಲಿ?"

"ಅದ್ಸರಿ ಕ್ಲೆಮ್," ಬೆರಿಲ್ ಆ ಕಡೆಯಿಂದ ಕೂಗಿದಳು, "ಹೆಂಗಸರ ಕಕ್ಕಸಲ್ಲಿ ನಿಂಗೇನಪ್ಪಾ ಕೆಲ್ಸ?"

ಶೆಡ್ಡೆಲ್ಲ ನಕ್ಕಿತು. ಕ್ಲೆಮ್ ಸೇಬಿಗಿಂತ ಕೆಂಪಾದ. "ಬಾಗಿಲು ತೆಗ್ದಿತ್ತು... ಅದೆಲ್ಲ ಬಿಡಿ. ಧಣಿ ಹೇಳಿಬಿಟ್ಟಿದಾರೆ. ನಾಳೆಯಿಂದ ನೀನು ಬರ್ಬೇಡ ಎನಿಡ್."

ನಗು ನಿಂತಿತು.

ಮರುದಿನ ಬೆಳಿಗ್ಗೆ ಎನಿಡ್ ತನ್ನ ಏಪ್ರನ್ ಒಯ್ಯಲು ಬಂದಾಗ ಕ್ಲೆಮ್ ಕಕ್ಕಸಿನ ಬಾಗಿಲಲ್ಲಿ ಬಾಯಿ ಕಳೆದು ನಿಂತಿದ್ದ. ಒಳಗೆ ಸೇಬುಕಾಗದ ಪೋಣಿಸಿದ ಹೊಸ ದಾರ. ಅದರಲ್ಲಿ ಮೂರು, ಏಳು, ಒಂಬತ್ತು, ಇಪ್ಪತ್ತೆರಡು... ಶೆಡ್ಡಿನ ಹೆಂಗಸರೆಲ್ಲರ ಚೀಟಿ.

"ಯಾರನ್ನ ಮನೆಗೆ ಕಳಿಸ್ತೀಯೋ ಆರಿಸ್ಕೋ," ಎಂದಳು ಬೆರಿಲ್. "ಗುರುವಾರ ಹಡಗು ಹೊರಡುತ್ತೆ. ಸೇಬೇನು ತಾವೇ ಸುತ್ಕೊಂಡು ಮಲಗಲ್ಲ."

ಕ್ಲೆಮ್ ಧಣಿಯ ಬಳಿ ಹೋಗಿ ಅರ್ಧ ಗಂಟೆ ಬಿಟ್ಟು ಬಂದ. "ಹರಿದದ್ದು ಮಾತ್ರ ತಗೋಬೇಕಂತೆ. ಎನಿಡ್, ಏಪ್ರನ್ ಕಟ್ಕೋ, ಹೊತ್ತಾಯ್ತು." ಆಮೇಲೆ ಹತ್ತಿರ ಬಂದು ಮೆಲ್ಲಗೆ, "ಗಂಡಸರ ಕಡೆಗೂ ಒಂದು ಕಟ್ಟು ಪೋಣಿಸಿ ಕೊಡ್ತೀಯಾ?"

"ಸೂಜಿ ಕೊಡ್ತೀನಿ. ಪೋಣಿಸೋದು ನೀವೇ ಕಲೀರಿ."

ಎರಡು ಸುಗ್ಗಿ ಕಳೆದ ಮೇಲೆ ಅದೇ ಮೊಳೆಯ ಜಾಗಕ್ಕೆ ನಿಜವಾದ ಕಕ್ಕಸುಕಾಗದದ ಸುರುಳಿ ಬಂತು. ಎನಿಡ್ ತನ್ನ ಕೆಲಸದ ಕೊನೆಯ ದಿನ ಅದರ ಪಕ್ಕದ ಗೋಡೆಗೆ ಹದಿನಾಲ್ಕನೇ ನಂಬರಿನ ಚೀಟಿ ಅಂಟಿಸಿ ಮನೆಗೆ ಹೋದಳು. ಯಾರೂ ಕೀಳಲಿಲ್ಲ.

ಕಳೆದ ವಾರ ಇದೇ ಕಣಿವೆಯ ತೋಟವೊಂದರಲ್ಲಿ, ಹಣ್ಣು ಕೀಳುವವರಿಗೆಂದು ಇಟ್ಟ ತಗಡಿನ ಕಕ್ಕಸು ನೋಡಿದೆ. ಮೊಳೆ ಇತ್ತು; ಮೊಳೆಯಲ್ಲಿ ಪತ್ರಿಕೆಯೂ ಇರಲಿಲ್ಲ. ತೋಟ, ಅಂಗಡಿ, ಕಚೇರಿ ನಡೆಸುವ ಓದುಗರೇ, ನಿಮ್ಮಲ್ಲಿ ದುಡಿಯುವವರು ಹೋಗುವ ಕಕ್ಕಸಿಗೆ ನಾಳೆ ನೀವೇ ಹೋಗಿ ಕೂರಿ. ಕೈ ಚಾಚಿ. ಏನೂ ಸಿಗದಿದ್ದರೆ, ಮಧ್ಯಾಹ್ನದೊಳಗೆ ತಂದಿಡಿ.