ಕತ್ತರಿ ಹಾಕದ ಸೀರೆ

...ಅಥವಾ ಐದಲ್ಲ, ಆರು ಪಟ್ಟಿಗಳೇ ಇದ್ದವೇನೋ. ಬನಹಟ್ಟಿಯ ಅಕ್ಕನ ಮನೆಯ ನೆಲದ ಮೇಲೆ ನಾನು ಸೀಮೆಸುಣ್ಣದಿಂದ ಪಟ್ಟಿ ಎಳೆದದ್ದು ನಿಜ. ಉಳಿದದ್ದನ್ನು ಎಷ್ಟೋ ಸಲ ಹೇಳಿಬಿಟ್ಟಿದ್ದೇನೆ. ಹೇಳಿ ಹೇಳಿ ಅದರಲ್ಲಿ ಎಷ್ಟು ನಯವಾಗಿದೆಯೋ, ನನಗೇ ನಂಬಿಕೆಯಿಲ್ಲ. ಐದೇ ಎಂದಿಟ್ಟುಕೊಳ್ಳುತ್ತೇನೆ.

ಅಕ್ಕ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ಮಕ್ಕಳು ದೊಡ್ಡವರಾದ ಮೇಲೆ ಎಸ್ಸೆಸ್ಸೆಲ್ಸಿಗೆ ಕಟ್ಟಿದ್ದಳು. ಪಾಸಾದರೆ ಅಂಗನವಾಡಿ ಸಹಾಯಕಿಯ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಗಣಿತದಲ್ಲಿ ಆಗಲೇ ಒಮ್ಮೆ ಫೇಲಾಗಿದ್ದಳು; ಇನ್ನೊಮ್ಮೆ ಹೋದರೆ ಪುಸ್ತಕ ಕಟ್ಟಿಡುತ್ತೇನೆ ಎಂದಿದ್ದಳು. ಹಾಗಾಗಿ ಭಾನುವಾರಗಳಲ್ಲಿ ಲೆಕ್ಕ ಹೇಳಿಕೊಡಲು ನಾನು ಜಮಖಂಡಿಯಿಂದ ಹೋಗುತ್ತಿದ್ದೆ. ಭಿನ್ನರಾಶಿ ಬಂದರೆ ಅವಳ ಕೈ ನಿಂತುಬಿಡುತ್ತಿತ್ತು.

ಮೊದಲು ಖಡಕ್ ರೊಟ್ಟಿ ಮುರಿದು ತೋರಿಸಿದೆ. ನಾಲ್ಕು ಸಮಭಾಗ ಆಗುವ ಬದಲು ಚೂರುಚೂರಾಯಿತು. ಇಬ್ಬರೂ ತಿಂದೆವು. ಆಮೇಲೆ ಈ ಪಟ್ಟಿಗಳು. ಪಕ್ಕದ ಕೋಣೆಯಲ್ಲಿ ಅವರ ಪವರ್‌ಲೂಮ್ ಬಡಿಯುತ್ತಿತ್ತು, ಅದಕ್ಕೇ ಒಂದೊಂದು ಪಟ್ಟಿಯೂ ಒಂದು ಸೀರೆ ಎಂದೆ. ಪ್ರತಿಯೊಂದನ್ನೂ ನಾಲ್ಕು ಭಾಗ ಮಾಡಿ ಮೂರಕ್ಕೆ ಗೀರು ತುಂಬಿದೆ. ಐದು ಸಲ ಮುಕ್ಕಾಲು ಎಷ್ಟು? ನಾಲ್ಕನೆಯ ಪಟ್ಟಿಯ ತುಂಡುಗಳನ್ನು ತೆಗೆದು ಮೊದಲ ಮೂರರ ಖಾಲಿ ಜಾಗಕ್ಕೆ ಹಾಕು ಎಂದೆ.

ಅಕ್ಕ ಹಾಕಲಿಲ್ಲ.

“ತುಂಡು ಜೋಡಿಸಿದ್ದು ಸೀರಿ ಹೆಂಗ ಆಕ್ಕೇತೋ ತಮ್ಮಾ? ಯಾರ ಉಡ್ತಾರ ಅದನ್ನ? ನಿನ್ನ ಹೆಂಡ್ತಿಗೆ ಉಡಸ್ತೀಯೇನು?”

“ಉಡೂದಲ್ಲ ಬೇ ಅಕ್ಕಾ, ಎಣಸೂದು.”

ಅವಳು ಹಟ ಮಾಡುತ್ತಿರಲಿಲ್ಲ. ಆ ಮನೆಯಲ್ಲಿ ತುಂಡು ಬಿದ್ದ ಸೀರೆ ಸೀರೆಯ ಲೆಕ್ಕಕ್ಕೇ ಬರುವುದಿಲ್ಲ. ವ್ಯಾಪಾರಿ ವಾಪಸು ಕಳಿಸುತ್ತಾನೆ. ಇಷ್ಟು ವರ್ಷ ಅವಳು ಆಗಬಾರದೆಂದು ಕಾಯ್ದುಕೊಂಡು ಬಂದದ್ದನ್ನೇ ನಾನು ಮಾಡು ಎನ್ನುತ್ತಿದ್ದೆ. ಅವಳ ಕಣ್ಣು ತುಂಬಿತ್ತು ಎಂದು ನೆನಪು, ಆದರೆ ಅದನ್ನು ನಾನೇ ಸೇರಿಸಿರಬಹುದು.

ಮಗ್ಗ ನಿಂತಿತು. ಕರೆಂಟು ಹೋಗಿರಬೇಕು. ಆಗ ನಮ್ಮಿಬ್ಬರಲ್ಲಿ ಒಬ್ಬರು ಹೇಳಿದರು: “ಸೀರಿ ಇನ್ನ ಮಗ್ಗದಾಗ ಐತಿ ಅಂತ ತಿಳಕೊಂಡ್ರ? ಕತ್ತರಿನ ಹಾಕಿಲ್ಲ.”

ಮಗ್ಗದಲ್ಲಿ ಸೀರೆಗಳು ಒಂದರ ಹಿಂದೊಂದು ಒಂದೇ ಉದ್ದಕ್ಕೆ ಬರುತ್ತವೆ, ಬೇರೆ ಮಾಡುವುದು ಆಮೇಲೆ. ಅಕ್ಕ ಗೋಡೆಯಿಂದ ಬಾಗಿಲವರೆಗೆ ಒಂದೇ ಪಟ್ಟಿ ಎಳೆದಳು. ಮುಕ್ಕಾಲು, ಅದಕ್ಕೆ ಹತ್ತಿಕೊಂಡೇ ಇನ್ನೊಂದು ಮುಕ್ಕಾಲು, ಹೀಗೆ ಐದು. ಇಡೀ ಸೀರೆ ಮುಗಿದಲ್ಲೆಲ್ಲ ಅಡ್ಡಗೆರೆ ಹಾಕಿದಳು.

“ಮೂರು ಸೀರಿ ಇಳದ್ವು. ನಾಕನೇದು ಮುಕ್ಕಾಲು ಆಗೇತಿ,” ಎಂದಳು.

ಆ ಸಲ ಪಾಸಾದಳು. ಅರ್ಜಿ ಹಾಕಿದ್ದಾಳೆ, ಇನ್ನೂ ಕರೆ ಬಂದಿಲ್ಲ. ಮಗ್ಗದ ಮಾತು ಹೇಳಿದವನು ನೀನೇ ಎನ್ನುತ್ತಾಳೆ. ನನಗೆ ಅದು ಅವಳ ದನಿಯಲ್ಲೇ ಕೇಳಿಸುತ್ತದೆ. ಪರೀಕ್ಷೆಯಲ್ಲಿ ಅಂಥ ಲೆಕ್ಕ ಬಂದಿತ್ತೇ ಎಂದರೆ ಅವಳಿಗೆ ನೆನಪಿಲ್ಲ. ಆ ಪಟ್ಟಿ ಅವಳನ್ನು ಪಾಸು ಮಾಡಿಸಿತೋ ಇಲ್ಲವೋ, ನನಗೆ ಗೊತ್ತಿಲ್ಲ.